ಹೊಸ ಬೈಕಿಗೆ ಹಳೇದಾಗೋ ಭಾಗ್ಯ ಇದೆಯಾ?

ಭಾನುವಾರ ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಹೋದವರಿಗೆ ಈ ದೃಶ್ಯ ಹೊಸದೇನಲ್ಲ. ಇನ್ನೂ ಕತ್ತಲಿರುವಾಗಲೇ ಹೆಬ್ಬಾಳ ದಾಟಿ, ವಿಮಾನ ನಿಲ್ದಾಣವನ್ನು ಬಲಕ್ಕೆ ಬಿಟ್ಟು, ದೇವನಹಳ್ಳಿ ಕಡೆಗೆ ಬೈಕುಗಳ ಸಾಲು ಹೊರಟಿರುತ್ತೆ. ಬಹುಪಾಲು ಜನ ನಂದಿ ಬೆಟ್ಟದ ಸೂರ್ಯೋದಯಕ್ಕೆ. ಇನ್ನೊಂದು ಗುಂಪು ಹಳೇ ಮದ್ರಾಸ್ ರಸ್ತೆ ಹಿಡಿದು, ಹೊಸಕೋಟೆಯಲ್ಲಿ ಬೆಳಕು ಹರಿಯೋ ಮುಂಚೆಯೇ ಸಿಗೋ ಬಿರಿಯಾನಿಗೆ. ದೂರದಿಂದ ನೋಡಿದರೆ ಆ ಬೈಕುಗಳಲ್ಲಿ ಅರ್ಧಕ್ಕರ್ಧ ನಮ್ಮ ತಾತನ ಕಾಲದವು ಅನ್ನಿಸುತ್ತೆ. ಗುಂಡಗಿನ ಹೆಡ್‌ಲೈಟು, ಹೊಟ್ಟೆ ತುಂಬಿದ ಟ್ಯಾಂಕು, ಮಿಂಚೋ ಕ್ರೋಮು, ಉದ್ದನೆ ಸೈಲೆನ್ಸರು. ಹತ್ತಿರ ಬಂದಾಗಲೇ ಗೊತ್ತಾಗೋದು: ಚಕ್ರದಲ್ಲಿ ಎಬಿಎಸ್ ಇದೆ, ಹ್ಯಾಂಡಲ್ ಪಕ್ಕ ಮೊಬೈಲ್ ಚಾರ್ಜಿಂಗ್ ಇದೆ, ಬೈಕಿನ ಮುಕ್ಕಾಲು ಪಾಲು ಇನ್ನೂ ಇಎಂಐನಲ್ಲಿದೆ.

ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಶುರುವಾಗೋ ವಾದವೂ ಹೊಸದಲ್ಲ. "ಏನೇ ಹೇಳು ಮಗಾ, ಒರಿಜಿನಲ್ ಮುಂದೆ ಇದೆಲ್ಲ ವೇಷ," ಅಂತ ಒಬ್ಬ. "ಒರಿಜಿನಲ್ ಇಟ್ಕೊಂಡು ತಿಂಗಳಲ್ಲಿ ಹದಿನೈದು ದಿನ ಗ್ಯಾರೇಜಲ್ಲಿ ಕೂತ್ಕೋ ಹೋಗು, ನನಗೆ ಲುಕ್ಕು ಸಾಕು," ಅಂತ ಇನ್ನೊಬ್ಬ. ಮೇಲ್ನೋಟಕ್ಕೆ ಇದು ಬೈಕಿನ ಜಗಳ. ಒಳಗಿರೋ ಪ್ರಶ್ನೆ ಸ್ವಲ್ಪ ದೊಡ್ಡದು. ನಾವು ಬದುಕೇ ಇರದ ಕಾಲದ ಅನುಭವವನ್ನು ದುಡ್ಡು ಕೊಟ್ಟು ತಗೊಳ್ಳೋಕಾಗುತ್ತಾ? ಆಗುತ್ತೆ ಅನ್ನೋದಾದರೆ, ನಮ್ಮ ಕೈಗೆ ಬರೋದು ಆ ಅನುಭವವಾ, ಅಥವಾ ಅದರ ಫೋಟೋನಾ? ಆಗಲ್ಲ ಅನ್ನೋದಾದರೆ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನಮಗೆ ಅದು ಇಷ್ಟೊಂದು ಯಾಕೆ ಬೇಕು?

ಈ ಪ್ರಶ್ನೆ ಕೇಳೋ ಹಕ್ಕು ಕನ್ನಡಿಗರಿಗೆ ಸ್ವಲ್ಪ ಜಾಸ್ತಿನೇ ಇದೆ, ಯಾಕಂದರೆ ಈ ಕಥೆಯ ಮುಖ್ಯ ಪಾತ್ರಧಾರಿ ನಮ್ಮ ಮೈಸೂರಿನ ಗಾಡಿ. ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸ ಕೊಂಡು, ತನ್ನ ಹೆಸರಿನ ತಲೆಗೆ ಅದರ ಹೆಸರಿನ ತಲೆ ಜೋಡಿಸಿದ. ಅವರು 'ಯಾವಾ' ಅಂತಾರೆ, ನಾವು ಜಾವಾ ಮಾಡಿಕೊಂಡೆವು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸೇರಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಇಪ್ಪತ್ತೆರಡು ವರ್ಷ ಆದಮೇಲೆ, 2018ರ ನವೆಂಬರ್‌ನಲ್ಲಿ, ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾವನ್ನು ಮತ್ತೆ ರಸ್ತೆಗೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಇದನ್ನು ತಂದವರಲ್ಲಿ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಒಬ್ಬರು. ಆದರೆ ತಯಾರಾಗೋದು ಈಗ ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ಡಿ ಅನ್ನೋ ಹೆಸರು ಯಾರದು ಅನ್ನೋ ಜಗಳ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಹೆಸರಿನ ಒಡೆಯ ಯಾರು ಅಂತ ಕೋರ್ಟು ತೀರ್ಮಾನಿಸಬಹುದು. ಆ ಹೆಸರು ಕೇಳಿದಾಗ ಊರಿನ ಹಿರಿಯರ ಮುಖದಲ್ಲಿ ಬರೋ ನಗು ಹೊಸ ಗಾಡಿಗೂ ಸಲ್ಲುತ್ತಾ ಅನ್ನೋದನ್ನ ನಾವೇ ಯೋಚಿಸಬೇಕು.

ಮೊದಲು ಕಣ್ಣಿಗೆ, ಕಿವಿಗೆ ಸಿಗೋದನ್ನ ನೋಡೋಣ. ಆಕಾರದ ವಿಷಯದಲ್ಲಿ ಹೊಸ ಜಾವಾ ಹೆಚ್ಚುಕಮ್ಮಿ ಪಾಸು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಅನ್ನೋ ಹಳೇ ಗುರುತನ್ನೂ ಉಳಿಸಿಕೊಂಡಿದ್ದಾರೆ. ಶಬ್ದದ ವಿಷಯಕ್ಕೆ ಬಂದರೆ ಕಥೆ ಬೇರೆ. ಹಳೆಯದು 250 ಸಿಸಿಯ ಟೂ ಸ್ಟ್ರೋಕ್. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಉರಿಯುತ್ತೆ. 2018ರಲ್ಲಿ ಬಂದ ಹೊಸದು 293 ಸಿಸಿಯ ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಂದು ಸಲ ಉರಿಯುತ್ತೆ. ಲಯವೇ ಅರ್ಧ. ಏಕತಾಳದ ಹಾಡನ್ನು ಆದಿತಾಳಕ್ಕೆ ಹಾಕಿದ ಹಾಗೆ. ಹಾಡು ಚೆನ್ನಾಗೇ ಇರಬಹುದು, ಆದರೆ ಅದೇ ಹಾಡು ಅನ್ನೋಕಾಗಲ್ಲ. ಹಳೆಯದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿತ್ತು, ಆ ಹೊಗೆಯ ವಾಸನೆ ಗಾಡಿಗಿಂತ ಮುಂಚೆ ಮನೆ ತಲುಪುತ್ತಿತ್ತು. ಈಗ ಆ ಹೊಗೆಯನ್ನು ಯಾವ ಕಾನೂನೂ ಒಪ್ಪಲ್ಲ, ಒಪ್ಪಲೂಬಾರದು.

ಬುಲೆಟ್‌ನದು ಇದಕ್ಕೆ ತಿರುವುಮುರುವಾದ ಕಥೆ. ಜಾವಾ ಸತ್ತು ಹುಟ್ಟಿತು, ಬುಲೆಟ್ ಸಾಯಲೇ ಇಲ್ಲ. 1955ರಲ್ಲಿ ಮದ್ರಾಸಿನಲ್ಲಿ ಶುರುವಾದದ್ದು, ಇಂಗ್ಲೆಂಡಿನ ಮೂಲ ಕಂಪನಿ ಬಾಗಿಲು ಹಾಕಿದ ಮೇಲೂ ನಡೆದುಕೊಂಡೇ ಬಂತು. ಆದರೂ ಇವತ್ತಿನ 350 ಹತ್ತಿ ನೋಡಿ. ಬಲಗಾಲಿನ ಕೆಳಗಿದ್ದ ಗೇರು ಎಡಕ್ಕೆ ಬಂದಿದೆ, ಕೈ ಜೋಮು ಹಿಡಿಸುತ್ತಿದ್ದ ಅದುರು ಬ್ಯಾಲೆನ್ಸರ್ ಶಾಫ್ಟ್ ಬಂದ ಮೇಲೆ ಬಹಳಷ್ಟು ಹೋಗಿದೆ. ಹಳೇ ಬುಲೆಟ್‌ನ ಕಿಕ್ ಒಂದು ಸಣ್ಣ ಪೂಜೆ ಇದ್ದ ಹಾಗೆ: ಸ್ವಿಚ್ ಆನ್ ಮಾಡಿ, ಡಿಕಂಪ್ರೆಷನ್ ಲಿವರ್ ಹಿಡಿದು, ಕಿಕ್ಕನ್ನು ಮೆಲ್ಲಗೆ ಒತ್ತುತ್ತಾ ಆಂಪ್ ಮೀಟರಿನ ಮುಳ್ಳು ಮಧ್ಯಕ್ಕೆ ಬರೋದನ್ನ ಕಾದು, ಆಮೇಲೆ ಒಂದೇ ಒದೆ. ಸರಿಯಾಗಿ ಮಾಡದಿದ್ದರೆ ಅದೇ ತಿರುಗಿಸಿ ಮೊಣಕಾಲಿಗೆ ಒದೀತಿತ್ತು. ಹೆಸರೂ ಅದೇ, ವಂಶವೂ ಅದೇ, ಆದರೆ ಈಗ ಬೆರಳಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಅಂದರೆ ವಂಶ ಕಡಿಯದೆ ಬಂದರೂ ಅನುಭವ ಜೊತೆಗೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹಾಗಾದರೆ ಇದೆಲ್ಲ ಮೋಸವಾ? ಬ್ರಿಟನ್ನಿನ ಟ್ರಯಂಫ್ ಕಂಪನಿ ತನ್ನ ಬಾನ್‌ವಿಲ್ ಬೈಕಿಗೆ ಫ್ಯೂಯಲ್ ಇಂಜೆಕ್ಷನ್ ತಂದಾಗ, ಅದರ ಥ್ರಾಟಲ್ ಬಾಡಿಯನ್ನು ಹಳೇ ಕಾರ್ಬುರೇಟರ್ ಥರಾನೇ ಕಾಣೋ ಹಾಗೆ ಮಾಡಿತು. ನೀರಿನಿಂದ ತಣ್ಣಗಾಗೋ ಎಂಜಿನ್ನಿನ ಮೇಲೆ, ಗಾಳಿಯಿಂದ ತಣ್ಣಗಾಗೋ ಎಂಜಿನ್ನಿಗಿದ್ದ ಥರದ ರೆಕ್ಕೆಗಳನ್ನು ಮೂಡಿಸೋದೂ ಈಗ ಮಾಮೂಲು. ನೋಡೋಕೆ ಇದು ಸುಳ್ಳು ಹೇಳಿದ ಹಾಗೇ ಇದೆ. ನಮ್ಮ ಗ್ರಾಮಾಂತರ ಜಿಲ್ಲೆಯಲ್ಲೇ ತೊಟ್ಟಿಮನೆ ಥರ ಕಟ್ಟಿದ ರೆಸಾರ್ಟುಗಳಿವೆ. ಮೂಲೆಯಲ್ಲಿ ಯಾರೂ ಬೀಸದ ರಾಗಿಕಲ್ಲು, ಯಾರೂ ಸೇದದ ಬಾವಿ, ಒಳಗೆ ಏಸಿ. ಅಲ್ಲಿ ಒಂದು ರಾತ್ರಿ ಮಲಗಿ ಬಂದರೆ ಅಜ್ಜಿಯ ಮನೆಯಲ್ಲಿ ಬೆಳೆದ ಹಾಗಾಗಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಂತ ಹೋದವರನ್ನ ಯಾರಾದರೂ ಮೋಸ ಮಾಡಿದರು ಅನ್ನೋಕಾಗುತ್ತಾ?

ಇದಕ್ಕೆ ಒಳ್ಳೆ ಉತ್ತರ ದೊಡ್ಡಬಳ್ಳಾಪುರದಲ್ಲಿದೆ. ಅಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತಿರುತ್ತವೆ. ಕೈಮಗ್ಗದ ಕಾಲದಿಂದ ಬಂದ ಅಂಚು, ಸೆರಗು, ಬುಟ್ಟಾಗಳೇ ಅಲ್ಲೂ ನೇಯ್ಗೆಯಾಗುತ್ತವೆ. ಅದನ್ನು ಯಾರೂ ನಕಲಿ ಸೀರೆ ಅನ್ನಲ್ಲ. ಆದರೆ ಸೀರೆ ಲೋಕದಲ್ಲಿ ಒಂದು ಶಿಸ್ತಿದೆ. ರೇಷ್ಮೆ ಅಸಲಿಯಾ ಅಂತ ಹೇಳೋಕೆ ಸಿಲ್ಕ್ ಮಾರ್ಕ್ ಅಂತ ಒಂದು ಮುದ್ರೆ, ಕೈಯಲ್ಲಿ ನೇಯ್ದದ್ದಾ ಅಂತ ಹೇಳೋಕೆ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಇನ್ನೊಂದು. ಮೊದಲನೆಯದು 2004ರಲ್ಲಿ ಬಂತು, ಎರಡನೆಯದು 2006ರಲ್ಲಿ. ಒಂದು ಮುದ್ರೆ ಇದ್ದ ಮಾತ್ರಕ್ಕೆ ಇನ್ನೊಂದು ಇರಬೇಕಂತಿಲ್ಲ. ವಸ್ತು ಏನು ಅನ್ನೋದು ಒಂದು ಪ್ರಶ್ನೆ, ಅದು ಹೇಗೆ ಆಯಿತು ಅನ್ನೋದು ಬೇರೆ ಪ್ರಶ್ನೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದು ಅಂತ ಮಾರಿದರೆ ಮಾತ್ರ ಮೋಸ. ರೆಟ್ರೋ ಬೈಕಿಗೂ ಇದೇ ಲೆಕ್ಕ ಸಾಕು ಅನ್ನಿಸುತ್ತೆ. "ಹಳೇದರ ಹಾಗೆ ಕಾಣುತ್ತೆ" ಅಂತ ಮಾರಿದರೆ ಅದು ಪ್ರಾಮಾಣಿಕ ವ್ಯಾಪಾರ. "ಹಳೇ ಅನುಭವ ಕೊಡುತ್ತೆ" ಅಂದರೆ ಆ ಅನುಭವ ಅನ್ನೋದು ಏನು ಅಂತ ಕೇಳೋ ಹಕ್ಕು ನಮಗಿರುತ್ತೆ.

ಕೇಳೋಣ. ವಿಜಯಪುರದ ಹತ್ತಿರ ನಮ್ಮ ದೊಡ್ಡಪ್ಪನ ಊರು. ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಉತ್ತರ ಕರ್ನಾಟಕದ್ದಲ್ಲ. ಮನೆತುಂಬ ರೇಷ್ಮೆ ಹುಳ, ಹಿತ್ತಲಾಚೆ ಹಿಪ್ಪುನೇರಳೆ ತೋಟ. ಅವರ ಹತ್ತಿರ ಒಂದು ರೋಡ್‌ಕಿಂಗ್ ಇತ್ತು. ಗೂಡು ಬಿಡಿಸಿದ ಮೇಲೆ ಮಾರುಕಟ್ಟೆಗೆ ಹೊರಡೋದು ತಡ ಮಾಡೋ ಹಾಗಿಲ್ಲ. ದಿನ ಕಳೆದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡುತ್ತೆ, ಎಳೆ ಕಡಿದುಹೋಗುತ್ತೆ, ತಿಂಗಳ ದುಡಿಮೆ ನೀರುಪಾಲು. ಹಾಗಾಗಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲೇಬೇಕು. ಯೆಜ್ಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಸ್ಟಾರ್ಟ್ ಆದ ಮೇಲೆ ವಾಪಸ್ ಮಲಗಿಸಿದರೆ ಗೇರು. ಮಳೆಗಾಲದಲ್ಲಿ ನಾಲ್ಕು ಒದೆಗೂ ಬರಲಿಲ್ಲ ಅಂದರೆ ದೊಡ್ಡಪ್ಪ ಪ್ಲಗ್ ಬಿಚ್ಚಿ, ಲುಂಗಿ ತುದಿಯಲ್ಲಿ ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬೆಂಕಿಕಡ್ಡಿ ಆರಿಸೋ ಥರ ಒಮ್ಮೆ ಊದಿ ಮತ್ತೆ ಹಾಕೋರು. ಇಷ್ಟು ಮಾಡೋಕೆ ಅವರಿಗೆ ಐದು ನಿಮಿಷ ಸಾಕಿತ್ತು. ಹಿಂದೆ ಎರಡು ಮೂಟೆ ಗೂಡು ಕಟ್ಟಿಕೊಂಡು ಹೊರಟರೆ ಊರಾಚೆ ತಿರುವಿನವರೆಗೂ ಶಬ್ದ ಕೇಳಿಸೋದು.

ಮೊನ್ನೆ ಮೊನ್ನೆ ನಮ್ಮ ಅಣ್ಣ ಹೊಸ ರೆಟ್ರೋ ಬೈಕು ತಗೊಂಡು ಊರಿಗೆ ಹೋಗಿದ್ದ. ದೊಡ್ಡಪ್ಪ ಕೆರೆ ಏರಿವರೆಗೂ ಓಡಿಸಿಕೊಂಡು ಬಂದು ಸ್ಟ್ಯಾಂಡ್ ಹಾಕಿದರು.

"ಹೆಂಗೈತೆ ಅಪ್ಪಾ?" ಅಂದ ಅಣ್ಣ.

"ಚೆಂದಾಗೈತೆ ಕಣೋ. ಒಂದೇ ಒತ್ತಿಗೆ ಸ್ಟಾರ್ಟಾಗುತ್ತೆ, ಅಲ್ಲಾಡಲ್ಲ, ಹೊಗೆ ಇಲ್ಲ. ಆದ್ರೆ ಅದಕ್ಕೆ ನಾನು ಬೇಕಾಗೇ ಇಲ್ವಲ್ಲೋ."

ಈ ವಿಷಯದ ಮೇಲೆ ನಾನು ಕೇಳಿರೋ ಮಾತುಗಳಲ್ಲಿ ಇದೇ ಹೆಚ್ಚು ತೂಕದ್ದು. ಟ್ಯಾಂಕಿನ ಆಕಾರ, ಸೈಲೆನ್ಸರಿನ ಶಬ್ದ ಇವೆಲ್ಲ ಹಳೇ ಬೈಕಿನ ಗುರುತುಗಳಷ್ಟೆ. ಅದರ ಅನುಭವ ಇದ್ದದ್ದು ಕೊಡು-ಕೊಳ್ಳುವಿಕೆಯಲ್ಲಿ. ಅದು ಇವರ ಗೂಡನ್ನು ಮಾರುಕಟ್ಟೆಗೆ ಮುಟ್ಟಿಸಬೇಕು, ಇವರು ಅದರ ಪ್ಲಗ್ಗನ್ನು ಒರೆಸಬೇಕು. ಒಬ್ಬರ ಹಂಗು ಒಬ್ಬರಿಗೆ. ಇವರ ಕಿವಿಗೆ ಅದರ ಭಾಷೆ ಗೊತ್ತಿತ್ತು, ಇವರ ಕಾಲಿನ ತೂಕ ಅದಕ್ಕೆ ಗೊತ್ತಿತ್ತು. ಬೇರೆ ಯಾರಾದರೂ ಒದ್ದರೆ ಸ್ಟಾರ್ಟ್ ಆಗುತ್ತಿರಲಿಲ್ಲ ಅಂತ ದೊಡ್ಡಪ್ಪ ಹೆಮ್ಮೆಯಿಂದ ಹೇಳಿಕೊಳ್ಳೋರು. ಯೋಚನೆ ಮಾಡಿದರೆ ಅದು ಗಾಡಿಯ ದೋಷ, ಆದರೆ ಅವರಿಗೆ ಅದೇ ಸಂಬಂಧದ ಪುರಾವೆ.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತೆ, ಅದನ್ನು ತಳ್ಳಿಹಾಕೋ ಹಾಗಿಲ್ಲ. ಕಷ್ಟವನ್ನು ದೂರದಿಂದ ನೋಡೋರಿಗೆ ಅದು ಸೊಗಸು. ಮಳೆಯಲ್ಲಿ ಗಾಡಿ ತಳ್ಳಿದವರಿಗೆ ಗೊತ್ತು ಅದರ ಸುಖ. ಬಾವಿ ಸೇದೋದರಲ್ಲಿ ಒಂದು ಲಯ ಇತ್ತು ಅಂತ ಬರೆಯೋರು ಸಾಮಾನ್ಯವಾಗಿ ಸೇದಿದವರಲ್ಲ, ಸೇದಿದ ನೀರು ಕುಡಿದವರು. ಹಳೇ ಯೆಜ್ಡಿಯ ಡ್ರಮ್ ಬ್ರೇಕಿನಲ್ಲಿ ಇವತ್ತಿನ ದೇವನಹಳ್ಳಿ ಹೆದ್ದಾರಿಯಲ್ಲಿ ಹೋಗೋದು ಧೈರ್ಯ ಅಲ್ಲ, ಹುಂಬತನ. 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ 2019ರಿಂದ ಎಬಿಎಸ್ ಕಡ್ಡಾಯ ಮಾಡಿದ್ದು, 2020ರಿಂದ ಬಿಎಸ್ 6 ತಂದದ್ದು ಯಾರದೋ ಅನುಭವ ಹಾಳುಮಾಡೋಕಲ್ಲ. ಆ ಟೂ ಸ್ಟ್ರೋಕ್ ಹೊಗೆಯ ಘಮವನ್ನು ನೆನೆಸಿಕೊಳ್ಳೋರು ಓಡಿಸಿದವರು. ಹಿಂದೆ ಸೈಕಲ್ ತುಳಿಯುತ್ತಿದ್ದವರನ್ನು ಯಾರೂ ಕೇಳಿಲ್ಲ.

ಆದ್ದರಿಂದ ಒಂದು ವ್ಯತ್ಯಾಸ ಗಮನಿಸಬೇಕು. ಕಷ್ಟ ಬೇರೆ, ಬೇಕಾಗೋದು ಬೇರೆ. ದೊಡ್ಡಪ್ಪ ಕಳಕೊಂಡೆ ಅಂದದ್ದು ಕಷ್ಟವನ್ನಲ್ಲ. ಮೊಣಕಾಲು ನೋವು ಹೋಯಿತು ಅಂತ ಅವರಿಗೆ ಖುಷಿನೇ. ತಾನು ಬೇಕಾಗಿದ್ದೆ ಅನ್ನೋ ಭಾವ ಹೋಯಿತು ಅನ್ನೋದು ಅವರ ಕೊರಗು. ನಮ್ಮ ತಲೆಮಾರಿಗೆ ಇದು ಬೈಕಿಗಷ್ಟೇ ಸೀಮಿತ ಅಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ನಾವು ಬಳಸೋ ವಸ್ತುಗಳಲ್ಲಿ ಎಷ್ಟಕ್ಕೆ ನಾವೇ ಬೇಕು? ಫೋನ್ ತಾನೇ ಅಪ್‌ಡೇಟ್ ಆಗುತ್ತೆ, ಕೆಟ್ಟರೆ ಬಿಚ್ಚೋ ಹಾಗಿಲ್ಲ. ನಾವು ಮಾಡೋ ಕೆಲಸ ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ರಜೆ ಹಾಕಿದರೂ ಪ್ರಾಜೆಕ್ಟ್ ನಡೆಯುತ್ತೆ. ಇಂಥ ಬದುಕಿನಲ್ಲಿ ಗುಂಡಗಿನ ಹೆಡ್‌ಲೈಟಿನ ಬೈಕು ಕಂಡರೆ ಮನಸ್ಸು ಎಳೆಯೋದು ಸಹಜ. ಅದು ಹಳೇ ಕಾಲದ ಮೇಲಿನ ಮೋಹ ಅಂತ ಅಂದುಕೊಳ್ತೀವಿ. ಅದರ ತಳದಲ್ಲಿರೋದು ಯಾವುದಕ್ಕಾದರೂ ನಾನು ಬೇಕಾಗಿರಬೇಕು ಅನ್ನೋ ಹಸಿವು ಅಂತ ನನಗನ್ನಿಸುತ್ತೆ. ಆ ಹಸಿವಿಗೆ ಆಕಾರವನ್ನು ಬಡಿಸಿದರೆ ಹೊಟ್ಟೆ ತುಂಬಲ್ಲ.

ಇನ್ನೊಂದು ಮಾತನ್ನೂ ಈ ವಾದದಲ್ಲಿ ಎಲ್ಲರೂ ಮರೀತಾರೆ. ಹಳೇ ಬೈಕು ಅದರ ಕಾಲದಲ್ಲಿ ಹಳೇದಾಗಿರಲಿಲ್ಲ. 1961ರಲ್ಲಿ ಜಾವಾ ಕೊಂಡವನು ಹಿಂದಿನ ಕಾಲಕ್ಕೆ ಹೋಗೋಕೆ ಕೊಂಡಿರಲಿಲ್ಲ. ಅದು ಆ ಹೊತ್ತಿಗೆ ರಸ್ತೆಯಲ್ಲಿದ್ದ ಹೊಸಾ ವಸ್ತು. ಎತ್ತಿನ ಗಾಡಿಯ ದಾರಿಯಲ್ಲಿ ಹೊಳೆಯುತ್ತಾ ಬಂದ ಭವಿಷ್ಯ. ಅವನಿಗಾದ ರೋಮಾಂಚನ ಮುಂದಕ್ಕೆ ನೋಡೋ ರೋಮಾಂಚನ. ನಮ್ಮ ರೆಟ್ರೋ ಬೈಕು ಕೊಡೋದು ಹಿಂದಕ್ಕೆ ನೋಡೋ ರೋಮಾಂಚನ. ಎರಡರ ದಿಕ್ಕೇ ಬೇರೆ. ಹಾಗೆ ನೋಡಿದರೆ, 1961ರ ಆ ಮನುಷ್ಯನ ಅನುಭವಕ್ಕೆ ಇವತ್ತು ಹತ್ತಿರ ಇರೋನು ರೆಟ್ರೋ ಬೈಕಿನವನಲ್ಲ, ಊರಿಗೆ ಮೊದಲ ಎಲೆಕ್ಟ್ರಿಕ್ ಸ್ಕೂಟರ್ ತಂದು, ಅಕ್ಕಪಕ್ಕದವರಿಂದ "ಇದು ಗಂಗಮ್ಮನ ಗುಡಿ ದಿಣ್ಣೆ ಹತ್ತುತ್ತೇನಪ್ಪಾ?" ಅಂತ ಕೇಳಿಸಿಕೊಂಡೋನು.

ಬೈಕಿನ ರಿಪೇರಿಯನ್ನೇ ತತ್ವಶಾಸ್ತ್ರ ಮಾಡಿದ ರಾಬರ್ಟ್ ಪಿರ್ಸಿಗ್ ಅವರ ಪುಸ್ತಕ ನಿಮ್ಮಲ್ಲಿ ಹಲವರು ಓದಿರುತ್ತೀರಿ, ಅಥವಾ ಓದಬೇಕು ಅಂತ ಕೊಂಡಿಟ್ಟಿರುತ್ತೀರಿ. 1974ರಲ್ಲಿ ಬಂದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್'. ಅದರ ಹಿಂದಿರೋ ಪ್ರಯಾಣ ಅವರು ಮಗನನ್ನು ಕೂರಿಸಿಕೊಂಡು ಮಾಡಿದ್ದು 1968ರಲ್ಲಿ. ಬೈಕು 1966ರ ಹೋಂಡಾ ಸೂಪರ್ ಹಾಕ್. ಅಂದರೆ ಎರಡೇ ವರ್ಷದ ಜಪಾನಿ ಬೈಕು! ಆ ಕಾಲದ ಅಮೆರಿಕದಲ್ಲಿ ಅದಕ್ಕೆ ಯಾವ ಹಳೇ ಗತ್ತೂ ಇರಲಿಲ್ಲ. ಜೊತೆಗೆ ಬಂದ ಗೆಳೆಯ ಬಿಎಂಡಬ್ಲ್ಯೂ ಓಡಿಸುತ್ತಿದ್ದ, ಅದರ ರಿಪೇರಿಗೆ ಮಾತ್ರ ಕೈ ಹಾಕಲೊಲ್ಲ. ಪಿರ್ಸಿಗ್‌ಗೆ ಸಿಕ್ಕ ಅನುಭವ ಬೈಕಿನ ವಯಸ್ಸಿನಿಂದ ಬಂದದ್ದಲ್ಲ, ಅದರ ಕಡೆಗೆ ಕೊಟ್ಟ ಗಮನದಿಂದ ಬಂದದ್ದು. ಆ ಹೋಂಡಾ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಅದು ಹಳೇದಾದದ್ದು ಆಮೇಲೆ.

ಮ್ಯೂಸಿಯಂ ಅಂದಾಗ ನಮ್ಮ ಸರ್ಕಾರದ ಒಂದು ನಿಯಮ ನೆನಪಾಗುತ್ತೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನ ಅಂದರೆ ಏನು ಅಂತ ಬರೆದುಕೊಟ್ಟಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ 'ವಿಎ' ಅಕ್ಷರಗಳಿರೋ ಬೇರೆ ನಂಬರು. 1973ರ ಯೆಜ್ಡಿಗಳಿಗೆ ಈಗ ಆ ವಯಸ್ಸು ತುಂಬಿದೆ. ಆದರೆ ಒಂದು ಷರತ್ತು: ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದಕ್ಕೆ ಮಾತ್ರ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪೇನಿಲ್ಲ. ಆದರೆ ದೊಡ್ಡಪ್ಪನ ಲೆಕ್ಕದಲ್ಲಿ ನೋಡಿ. ಗೂಡಿನ ಮೂಟೆ ಹೊರದ ಯೆಜ್ಡಿ, ಎಷ್ಟೇ ಅಸಲಿಯಾದರೂ, ಕೆಲಸದಿಂದ ನಿವೃತ್ತಿಯಾದ ಯೆಜ್ಡಿ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಬೆಂಗಳೂರಿನಲ್ಲಿ ಸೇರೋ ಸಾಲುಸಾಲು ಗಾಡಿಗಳನ್ನು ನೋಡಿದರೆ ಕಣ್ಣು ತುಂಬುತ್ತೆ. ಆದರೆ ಅವುಗಳಲ್ಲೂ ಎಷ್ಟೋ ಗಾಡಿಗಳ ಕ್ರೋಮು ಮೊನ್ನೆಯದು, ಸೀಟು ಹೋದ ವರ್ಷದ್ದು, ಟ್ಯಾಂಕಿನ ಮೇಲಿನ ಗೆರೆ ಎಳೆದವನಿಗೆ ಮೂವತ್ತು ವರ್ಷವೂ ಆಗಿಲ್ಲ. ಅಂದಮೇಲೆ 'ಒರಿಜಿನಲ್' ಅನ್ನೋರೂ ಸ್ವಲ್ಪ ಮೆಲ್ಲಗೆ ಮಾತಾಡೋದು ಒಳ್ಳೇದು.

ಹೀಗೆ ಎಲ್ಲ ಕಡೆಯಿಂದ ನೋಡಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಹೊಸ ರೆಟ್ರೋ ಬೈಕು ಹಳೇದರ ಹಾಗಿದೆಯಾ ಅನ್ನೋದು ಸಣ್ಣ ಪ್ರಶ್ನೆ. ಅದು ಮುಂದೆ ಹಳೇದಾಗಬಲ್ಲದಾ ಅನ್ನೋದು ಅದಕ್ಕಿಂತ ದೊಡ್ಡದು. ವಯಸ್ಸನ್ನು ಯಾವ ಕಾರ್ಖಾನೆಯೂ ತಯಾರು ಮಾಡಲ್ಲ. ಅದು ಒಬ್ಬ ಮನುಷ್ಯ ಮತ್ತು ಒಂದು ಗಾಡಿಯ ನಡುವೆ ನಿಧಾನವಾಗಿ ಕೂಡಿಬರೋದು. ದೊಡ್ಡಪ್ಪನ ಯೆಜ್ಡಿ ಶೋರೂಮಿನಿಂದ ಹೊರಬಂದ ದಿನ ಅದರಲ್ಲಿ ಆ ಅನುಭವ ಇರಲಿಲ್ಲ. ಇಪ್ಪತ್ತು ವರ್ಷದ ಗೂಡಿನ ಸೀಸನ್ನುಗಳು ಅದನ್ನು ತಂದವು.

ಹಳೇದಾಗೋಕೆ ಎರಡು ಕಡೆಯಿಂದ ಒಪ್ಪಿಗೆ ಬೇಕು. ಮೊದಲನೆಯದು ಗಾಡಿ ಕಡೆಯಿಂದ. ಬಿಚ್ಚೋಕೆ ಬರಬೇಕು, ಪಾರ್ಟ್ ಸಿಗಬೇಕು, ಊರಿನ ಮೆಕ್ಯಾನಿಕ್‌ಗೆ ಅರ್ಥವಾಗಬೇಕು. ದೇವನಹಳ್ಳಿಯಲ್ಲಿ ಹಳೇ ಬೈಕು ನೋಡಿಕೊಳ್ಳೋ ಒಬ್ಬರು ಒಂದು ಸಲ ಹೇಳಿದರು: "ಮೊದ್ಲು ಗಾಡಿ ಮಾತಾಡೋದು, ನಾವ್ ಕೇಳಿ ಹೇಳ್ತಿದ್ವಿ ಸಾರ್. ಈಗ ಗಾಡಿ ಲ್ಯಾಪ್‌ಟಾಪ್ ಜೊತೆ ಮಾತಾಡುತ್ತೆ, ಅದು ಹೇಳಿದ್ದನ್ನ ನಾವ್ ಕೇಳ್ತೀವಿ." ಲ್ಯಾಪ್‌ಟಾಪ್ ಇರೋದೇ ತಪ್ಪು ಅಂತಲ್ಲ. ಅದು ಕಂಪನಿಯವರ ಕೈಯಲ್ಲಿ ಮಾತ್ರ ಇದ್ದರೆ ತೊಂದರೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದಾಗ ಮೊಬೈಲು, ಟ್ರ್ಯಾಕ್ಟರುಗಳ ಜೊತೆ ವಾಹನಗಳನ್ನೂ ಸೇರಿಸಿತು. ಈ ಸುದ್ದಿ ಬೈಕ್ ಪ್ರಿಯರ ಹರಟೆಯಲ್ಲಿ ಕ್ರೋಮಿನಷ್ಟು ಮಿಂಚಲಿಲ್ಲ. ಆದರೆ ಒಂದು ಬೈಕಿಗೆ ಮುದುಕಾಗೋ ಭಾಗ್ಯ ಇದೆಯಾ ಇಲ್ಲವಾ ಅನ್ನೋದು ಗುಂಡಗಿನ ಹೆಡ್‌ಲೈಟಿಗಿಂತ ಇಂಥ ಹಕ್ಕುಗಳ ಮೇಲೆ ನಿಂತಿದೆ.

ಎರಡನೆಯ ಒಪ್ಪಿಗೆ ನಮ್ಮ ಕಡೆಯಿಂದ, ಅದು ಇನ್ನೂ ಕಷ್ಟ. ಇಎಂಐ ಮುಗಿಯೋ ಹೊತ್ತಿಗೆ ಹೊಸ ಮಾಡೆಲ್ ಬಂದಿರುತ್ತೆ, ಎಕ್ಸ್‌ಚೇಂಜ್ ಆಫರ್ ಇರುತ್ತೆ. ಮೂರು ವರ್ಷಕ್ಕೊಂದು ಬೈಕು ಬದಲಾಯಿಸುತ್ತಾ ಹಳೇ ಬೈಕಿನ ಅನುಭವ ಬೇಕು ಅನ್ನೋದು, ವರ್ಷಕ್ಕೊಂದು ಮನೆ ಬದಲಾಯಿಸುತ್ತಾ ಅಂಗಳದಲ್ಲಿ ನಾವೇ ನೆಟ್ಟ ಮಾವಿನ ನೆರಳು ಬೇಕು ಅಂದ ಹಾಗೆ. ಖಾಸಗಿ ಬೈಕಿನ ಆರ್‌ಸಿಗೆ 15 ವರ್ಷ ಆಯಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ನವೀಕರಣದ ಸಾಲಿನಲ್ಲಿ ನಿಲ್ಲೋವರೆಗೂ ಒಂದು ಗಾಡಿಯನ್ನು ಇಟ್ಟುಕೊಳ್ಳೋರು ನಮ್ಮಲ್ಲಿ ಎಷ್ಟು ಜನ?

ಅದರಲ್ಲಿ ಸಾಹಸ ಏನೂ ಇಲ್ಲ. ಚೈನಿಗೆ ನೀವೇ ಆಯಿಲ್ ಹಾಕೋದು, ಟೈರಿನ ಗಾಳಿ ನೀವೇ ನೋಡೋದು, ಓನರ್ಸ್ ಮ್ಯಾನ್ಯುವಲ್ ಒಂದು ಸಲ ಪೂರ್ತಿ ಓದೋದು, ಯಾವ ವೇಗದಲ್ಲಿ ಯಾವ ಹೊಸ ಶಬ್ದ ಬರುತ್ತಿದೆ ಅಂತ ಕಿವಿ ಕೊಡೋದು. ಹೊಸ ಬೈಕಿಗೆ ನಾವು ಬೇಕಾಗಲ್ಲ ಅನ್ನೋದು ಪೂರ್ತಿ ನಿಜವೂ ಅಲ್ಲ. ಅದು ಕೂಗಿ ಕರೆಯಲ್ಲ, ಅಷ್ಟೆ. ಯೆಜ್ಡಿ ನಡುರಸ್ತೆಯಲ್ಲಿ ನಿಂತು ನಮ್ಮನ್ನು ಕೆಲಸಕ್ಕೆ ಹಚ್ಚುತ್ತಿತ್ತು. ಹೊಸದರ ಜೊತೆ ನಾವೇ ಮನಸ್ಸು ಮಾಡಿ ಕೆಲಸಕ್ಕೆ ಹಚ್ಚಿಕೊಳ್ಳಬೇಕು. ಬಲವಂತಕ್ಕೆ ಬಂದ ಸಂಬಂಧಕ್ಕಿಂತ ಮನಸ್ಸು ಮಾಡಿ ಉಳಿಸಿಕೊಂಡ ಸಂಬಂಧ ಕಡಿಮೆಯದು ಅಂತ ನಾನಂತೂ ಒಪ್ಪಲ್ಲ.

ಹಾಗಾಗಿ ಬೈಕು ನೋಡೋಕೆ ಹೋದಾಗ ಲುಕ್ಕು ನೋಡಿ, ಖಂಡಿತಾ ನೋಡಿ, ಚೆಂದ ಬೇಕು ಅನ್ನೋದರಲ್ಲಿ ನಾಚಿಕೆ ಪಡೋದೇನಿಲ್ಲ. ಮೈಲೇಜ್ ಕೇಳಿ, ಸರ್ವಿಸ್ ಖರ್ಚು ಕೇಳಿ. ಜೊತೆಗೆ ಶೋರೂಮಿನವರನ್ನು ಇನ್ನೊಂದು ಮಾತು ಕೇಳಿ: ಹದಿನೈದು ವರ್ಷ ಆದಮೇಲೆ ಇದರ ಪಾರ್ಟ್ ಸಿಗುತ್ತಾ? ಅವರು ಏನಾದರೂ ಹೇಳಲಿ. ಮನೆಗೆ ಬರುತ್ತಾ ದಾರಿಯಲ್ಲಿ ನಿಮ್ಮನ್ನೇ ಕೇಳಿಕೊಳ್ಳೋದಕ್ಕೂ ಒಂದಿದೆ: ಅಷ್ಟು ವರ್ಷ ನಾನು ಇದನ್ನ ಇಟ್ಕೊಳ್ತೀನಾ?